ಗೊಣಗಮ್ಮನ ಕೈಗುಣ

ನವೆಂಬರ್ ೩

ಈ ವರ್ಷ ಗದ್ದೆಗೆ ಕಡ್ಡಿ ಗೀರಲಿಲ್ಲ. ಇಷ್ಟು ವರ್ಷ ಕೊಯ್ಲು ಮುಗಿದ ಕೂಡಲೇ ಕೂಳೆಗೆ ಬೆಂಕಿ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದವರು ನಾವು. ಬೆಂಕಿಪೊಟ್ಟಣಕ್ಕಿಂತ ಅಗ್ಗದ ಆಳು ಇನ್ನೆಲ್ಲಿ ಸಿಗುತ್ತದೆ? ಹುಲ್ಲು ಕಟ್ಟುವ ಯಂತ್ರದ ಬಾಡಿಗೆ, ಹಗ್ಗ, ಟ್ರಾಕ್ಟರು, ಎತ್ತಿ ಹಾಕುವವರ ಕೂಲಿ ಎಲ್ಲ ಸೇರಿಸಿದರೆ ಹುಲ್ಲಿಗಿಂತ ಹುಲ್ಲಿನ ಮೆರವಣಿಗೆಯ ಖರ್ಚೇ ಹೆಚ್ಚು ಎಂದು ನಮ್ಮ ಯಜಮಾನರು ಪ್ರತಿ ವರ್ಷ ಭಾಷಣ ಮಾಡುತ್ತಿದ್ದರು. ರಟ್ಟಿನ ಕಾರ್ಖಾನೆಯವರು ಕೊಡುವ ದುಡ್ಡು ಹಗ್ಗಕ್ಕೇ ಸರಿಹೋಗುತ್ತದೆ, ಅದೂ ನಿಜ. ನಮ್ಮ ಮನಸ್ಸು ಬದಲಾಯಿಸಿದ್ದು ನನ್ನ ತಂಗಿ. ಅಂಗಡಿಯ ಕೆಲಸ ಬಿಟ್ಟು ಅಣಬೆ ಬೆಳೆಯಲು ಕೂತಿದ್ದಾಳೆ. ಅಣಬೆಗೆ ಭತ್ತದ ಹುಲ್ಲೇ ಬೇಕು. ಕಾರ್ಖಾನೆಯವರ ಎರಡರಷ್ಟು ಬೆಲೆ ಕೊಡುತ್ತೇನೆ, ಆದರೆ ಔಷಧಿ ಮುಟ್ಟದ ಹುಲ್ಲೇ ಆಗಬೇಕು ಎಂದಳು.

ಇವತ್ತು ಬಂದು ಪೆಂಡಿಗಳನ್ನು ಕಿತ್ತು, ಮೂಸಿ, ಬಟ್ಟೆ ಅಂಗಡಿಯಲ್ಲಿ ಬಟ್ಟೆ ಆರಿಸುವವಳ ಹಾಗೆ ನೋಡಿದಳು. ಏನೂ ಹೊಡೆಸಿಲ್ಲ ತಾನೆ ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಅದು ಸುಳ್ಳು ಹೇಗಾಗುತ್ತದೆ? ಹುಳದ ಔಷಧಿ ಹೊಡೆಸಿಲ್ಲ, ಕಳೆಯ ಔಷಧಿ ಹೊಡೆಸಿಲ್ಲ. ತೆನೆಯ ಕುತ್ತಿಗೆಗೆ ಬೆಂಕಿ ರೋಗ ಬಂದಾಗ ಬೂಷ್ಟಿನ ಔಷಧಿ ಒಂದು ಸಲ ಹೊಡೆಸಿದೆವು. ಡಬ್ಬಿಯಲ್ಲಿ ಉಳಿದದ್ದು ದಂಡವಾಗಬಾರದೆಂದು ಕೊಯ್ಲಿನ ಮುಂಚೆ ನಾನೇ ಇನ್ನೊಂದು ಸಲ ಹೊಡೆಸಿದೆ. ಅಣಬೆ ಮನೆಯವರು ದಿನವೂ ಹೆದರುವುದು ಬೂಷ್ಟಿಗೆ. ನನ್ನ ಹುಲ್ಲಿಗೆ ಬೂಷ್ಟೇ ಹಿಡಿಯುವುದಿಲ್ಲ. ಅಂದಮೇಲೆ ಅವಳಿಗೆ ಒಳ್ಳೆಯದೇ ಆಯಿತಲ್ಲ. ಇದನ್ನೆಲ್ಲ ಬಿಡಿಸಿ ಹೇಳಲು ಹೋಗಿದ್ದರೆ ಕೇಳುವ ತಾಳ್ಮೆ ಅವಳಿಗಿಲ್ಲ, ಬೆಲೆ ಇಳಿಸಿಬಿಡುತ್ತಿದ್ದಳು.

ಇವನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ತಲೆಯಲ್ಲಿ ಇಟ್ಟುಕೊಂಡರೆ ಬಾಯಿಗೆ ಬರುತ್ತದೆ, ಬಾಯಿಗೆ ಬಂದರೆ ಮನೆಯಲ್ಲಿ ಜಗಳ. ಅದಕ್ಕೇ ಇಲ್ಲಿ.

ನವೆಂಬರ್ ೨೪

ತಂಗಿಯ ಅಣಬೆ ಮನೆಗೆ ಹೋಗಿದ್ದೆ. ತಗಡಿನ ಮಾಡಿನ ಉದ್ದನೆಯ ಕೋಣೆ, ಕಿಟಕಿಗೆ ಒದ್ದೆ ಗೋಣಿ, ಕಾಲಿಟ್ಟರೆ ಜಾರುವ ನೆಲ. ಹುಲ್ಲು ತುಂಬಿದ ಚೀಲಗಳು ಹಗ್ಗದಲ್ಲಿ ಸಾಲಾಗಿ ನೇತಾಡುತ್ತಿವೆ. ಇಷ್ಟು ಹೊತ್ತಿಗೆ ಚೀಲದ ಒಳಗೆಲ್ಲ ಹತ್ತಿಯ ಹಾಗೆ ಬೆಳ್ಳಗೆ ಹಬ್ಬಬೇಕಿತ್ತಂತೆ. ಬಿತ್ತಿದ ಬೀಜದ ಸುತ್ತ ಒಂದಿಷ್ಟು ಬಿಳಿ ಕಂಡು ಅಲ್ಲೇ ನಿಂತುಬಿಟ್ಟಿದೆ. ಕೊಳೆತಿಲ್ಲ, ಹಸಿರು ಬೂಷ್ಟೂ ಬಂದಿಲ್ಲ. ಹುಲ್ಲು ಹುಲ್ಲಾಗಿಯೇ ಕೂತಿದೆ.

ಅಲ್ಲಿ ಕೆಲಸಕ್ಕಿರುವವಳನ್ನು ಎಲ್ಲರೂ ಗೊಣಗಮ್ಮ ಎನ್ನುತ್ತಾರೆ. ಹುಲ್ಲು ಬೇಯಿಸುವುದು, ಆರಿಸುವುದು, ಬೀಜ ಹಾಕಿ ಚೀಲ ತುಂಬುವುದು ಅವಳ ಕೆಲಸ. ಅದರ ಜೊತೆಗೆ ಗೊಣಗುವುದು ಸಂಬಳವಿಲ್ಲದ ಕೆಲಸ. ಒಲೆ ಹೊಗೆಯಾಡುತ್ತದೆ, ನೀರು ಉಪ್ಪು, ಹಗ್ಗ ಕುತ್ತಿಗೆಗೆ ಬರುತ್ತದೆ, ಈಗಿನ ಕಾಲದ ಚೀಲಕ್ಕೆ ಗಟ್ಟಿತನವಿಲ್ಲ. ಇವತ್ತು ನನ್ನ ಹುಲ್ಲಿನ ಸರದಿ. ಕೊಳೆಯೋದಕ್ಕೂ ಸೋಮಾರಿತನ ಮಾಡೋ ಹುಲ್ಲು ಇದು ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು. ಬಾಯಿಬಡುಕಿ. ತಂಗಿ ಅವಳನ್ನು ಹೇಗೆ ಸಹಿಸಿಕೊಂಡಿದ್ದಾಳೋ.

ತಂಗಿಯ ಮುಖ ನೋಡಲಾಗಲಿಲ್ಲ. ಆಸ್ಪತ್ರೆಯ ಅಡುಗೆಮನೆಗೆ ವಾರಕ್ಕೆ ಎರಡು ಸಲ ಅಣಬೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾಳೆ. ಈ ಫಸಲು ಹೋದರೆ ಇನ್ನೊಂದು ಅವಕಾಶ ಕೊಡುತ್ತಾರಂತೆ, ಅದೂ ಹೋದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಅಂಗಡಿಯ ಕೆಲಸಕ್ಕೆ ಬೇರೆ ಹುಡುಗಿ ಬಂದಾಯಿತು. ಹಿಂದೆ ಹೋಗುವ ದಾರಿಯೂ ಇಲ್ಲ.

ಮನೆಗೆ ಬಂದವಳೇ ಟ್ರಾಕ್ಟರಿನವನಿಗೆ ಹೇಳಿ ಇನ್ನೊಂದು ಗಾಡಿ ಪೆಂಡಿ ಕಳಿಸಿದೆ, ಪುಕ್ಕಟೆ. ಯಜಮಾನರು ಊಟಕ್ಕೆ ಕೂತವರು ದಾನಶೂರೆ ಎಂದು ಅಣಕಿಸಿದರು. ಅಣಕಿಸಲಿ. ಒಡಹುಟ್ಟಿದವಳಿಗೆ ಇಷ್ಟೂ ಮಾಡದಿದ್ದರೆ ಹೇಗೆ. ಮನಸ್ಸು ಹಗುರವಾಯಿತು.

ಡಿಸೆಂಬರ್ ೯

ಔಷಧಿ ಅಂಗಡಿಗೆ ಮುಂದಿನ ಬೆಳೆಯ ಬೀಜ ಕೇಳಲು ಹೋಗಿದ್ದೆ. ಅಂಗಡಿಯವನಿಗೆ ಊರ ಸುದ್ದಿಯೆಲ್ಲ ಬೇಕು. ತಂಗಿಯ ಅಣಬೆ ಹೇಗಿದೆ ಎಂದ. ಎರಡನೇ ಸಲ ತುಂಬಿದ್ದೂ ಹತ್ತುತ್ತಿಲ್ಲ, ಯಾಕೋ ಏನೋ ಎಂದೆ. ನನ್ನ ಹುಲ್ಲಿಗೆ ಹೊಡೆಸಿದ್ದೇ ಬೂಷ್ಟಿನ ಔಷಧಿ, ಬೂಷ್ಟು ಹಿಡಿಯುವ ಮಾತೇ ಇಲ್ಲ ಎಂದು ದೊಡ್ಡದಾಗಿ ಸೇರಿಸಿದೆ.

ಅವನು ತೂಕ ಮಾಡುತ್ತಿದ್ದ ಕೈ ನಿಲ್ಲಿಸಿದ.

"ಅಕ್ಕಾ, ಅಣಬೆ ಅಂದ್ರೆ ಏನಂದ್ಕೊಂಡಿದೀರಿ? ಅದೂ ಬೂಷ್ಟೇ. ಬೂಷ್ಟಿನ ಮನೆಗೆ ದೊಡ್ಡಣ್ಣ. ಔಷಧಿಗೆ ಇದು ತಂಗಿಯ ಬೂಷ್ಟು, ಇದು ಕಳ್ಳ ಬೂಷ್ಟು ಅಂತ ಗೊತ್ತಾಗುತ್ತಾ?"

ನಗುತ್ತಾ ಹೇಳಿದ. ನಾನೂ ನಕ್ಕೆ. ಬೀಜದ ಚೀಲ ಅಲ್ಲೇ ಮರೆತು ಅರ್ಧ ದಾರಿ ಬಂದು ಮತ್ತೆ ಹೋದೆ.

ಡಿಸೆಂಬರ್ ೧೦

ಅಂಗಡಿಯವನು ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಹೋದ ವರ್ಷ ಅವನು ಕೊಟ್ಟ ಪಾಷಾಣ ತಿಂದು ನಮ್ಮ ಇಲಿಗಳು ದಪ್ಪಗಾಗಿದ್ದವು.

ಡಿಸೆಂಬರ್ ೧೧

ತಂಗಿಯ ಮನೆಯಿಂದ ಒಂದು ಹಿಡಿ ಅಣಬೆ ಬೀಜ ಇಸಿದುಕೊಂಡು ಬಂದೆ. ಯಾಕೆ ಎಂದಳು. ಮನೆಗೆ ತಿನ್ನಲು ನಾನೂ ಒಂದು ಚೀಲ ತುಂಬಿ ನೋಡುತ್ತೇನೆ ಎಂದೆ. ಅಷ್ಟು ಬೇಸರದಲ್ಲೂ ನಕ್ಕಳು. ನಿನ್ನ ಕೈಗುಣವಾದ್ರೂ ಚೆನ್ನಾಗಿರಲಿ ಅಕ್ಕ ಎಂದಳು.

ಪಕ್ಕದ ಗದ್ದೆಯವರು ಔಷಧಿಗೆ ದುಡ್ಡಿಲ್ಲದೆ ಅರ್ಧ ಬೆಳೆ ಕಳೆದುಕೊಂಡಿದ್ದರು. ಅವರ ಬಣವೆಯಿಂದ ಒಂದು ಹೊರೆ ಹುಲ್ಲು ಕೇಳಿ ತಂದೆ. ನಮ್ಮದು ಒಂದು ಚೀಲ, ಅವರದು ಒಂದು ಚೀಲ. ಒಂದೇ ಹಂಡೆಯಲ್ಲಿ ಬೇಯಿಸಿದೆ, ಒಂದೇ ಕೈಯಲ್ಲಿ ಬೀಜ ಹಾಕಿದೆ. ಉಗ್ರಾಣದ ಜಂತಿಗೆ ನೇತುಹಾಕಿ ಬಾಗಿಲು ಎಳೆದುಕೊಂಡೆ. ಯಜಮಾನರು ಏನಿದು ಹೊಸ ವೇಷ ಎಂದರು.

ಚೀಲಗಳೇ ಹೇಳಲಿ. ಸುಮ್ಮಸುಮ್ಮನೆ ನನ್ನ ತಲೆಯ ಮೇಲೆ ನಾನೇ ಕಲ್ಲು ಯಾಕೆ ಹಾಕಿಕೊಳ್ಳಲಿ.

ಡಿಸೆಂಬರ್ ೧೪

ಮಧ್ಯಾಹ್ನ ತಂಗಿಯ ಮನೆಯಲ್ಲಿದ್ದೆ. ಚಹಾ ಚೆನ್ನಾಗಿತ್ತು. ಹಿತ್ತಲಿನ ಗೋಡೆಗೆ ಸುಣ್ಣ ಹೊಡೆಸಿದ್ದಾಳೆ, ಬೆಳಕು ಬಂದಿದೆ. ಬಾವಿಯ ಪಂಪು ರಿಪೇರಿಯಾಗಿದೆ. ಅವಳು ಸ್ವಲ್ಪ ಇಳಿದಿದ್ದಾಳೆ, ಹೊತ್ತು ಹೊತ್ತಿಗೆ ತಿನ್ನು ಎಂದು ಬೈದೆ.

ಆಸ್ಪತ್ರೆಯವರು ಬೇರೆಯವರನ್ನು ನೋಡಿಕೊಂಡರಂತೆ.

ಆಮೇಲೆ ಗೊಣಗಮ್ಮನನ್ನು ಕರೆದಳು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಬೀಜ ಸರಿ ಇದೆ, ನೀರು ಸರಿ ಇದೆ, ಹುಲ್ಲು ಅಕ್ಕನದು, ಏನೂ ಹೊಡೆಸಿಲ್ಲ. ಉಳಿದದ್ದು ನಿಮ್ಮ ಕೈ ಒಂದೇ ಎಂದಳು ತಂಗಿ. ಗೊಣಗಮ್ಮ ಗಂಟುನೋವಿಗೆ ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತಾಳೆ, ಅದೇ ಬೀಜಕ್ಕೆ ತಾಗಿರಬೇಕು ಎಂಬುದು ತಂಗಿಯ ಊಹೆ. ತೊಳೆದುಕೊಂಡೇ ಮುಟ್ಟುತ್ತೇನೆ ಎಂದಳು ಗೊಣಗಮ್ಮ. ತಂಗಿಗೆ ಕಣ್ಣೀರು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ನಿಮ್ಮ ಕೈ ತಾಗಿದ್ದೆಲ್ಲ ಸಾಯ್ತಿದೆ ಅಮ್ಮ. ನಾಳೆಯಿಂದ ಬರಬೇಡಿ."

ತಂಗಿ ಅಂಥವಳಲ್ಲ. ಸೋತವರ ಬಾಯಿಗೆ ಲಂಗುಲಗಾಮು ಇರುವುದಿಲ್ಲ, ಅಷ್ಟೆ. ಗೊಣಗಮ್ಮ ಈಗ ಮನೆಯ ಮಾಡು ಹಾರಿಹೋಗುವ ಹಾಗೆ ಗೊಣಗುತ್ತಾಳೆ ಎಂದುಕೊಂಡೆ. ಒಂದು ಮಾತಿಲ್ಲ. ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು, ಹೋದಳು. ಹೋಗುವಾಗ ನನ್ನ ಖಾಲಿ ಲೋಟ ನೆಲದ ಮೇಲಿತ್ತು, ಎತ್ತಿ ಪಕ್ಕಕ್ಕಿಡಲು ಬಗ್ಗಿದವಳು ಮುಟ್ಟದೆ ಹಾಗೇ ಬಿಟ್ಟಳು.

ಚೀಲಗಳು ಇನ್ನೂ ಏನೂ ಹೇಳಿಲ್ಲವಲ್ಲ. ಖಚಿತವಾಗಿ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ನಾಲಿಗೆಯ ತುದಿಗೆ ಬಂದಿತ್ತು. ತುದಿಗೆ ಬಂದಿತ್ತು ಎಂಬುದೂ ಇರಲಿ ಲೆಕ್ಕದಲ್ಲಿ.

ಡಿಸೆಂಬರ್ ೧೭

ತಂಗಿ ಬಂದಿದ್ದಳು. ಅಣಬೆ ಮನೆ ಬಿಕೋ ಎನ್ನುತ್ತದೆ ಅಕ್ಕ, ಗೊಣಗಾಟ ಇಲ್ಲದೆ ಕೆಲಸವೇ ಸಾಗಲ್ಲ ಎಂದಳು. ಹೊಸಬಳನ್ನು ನೋಡು ಎಂದೆ. ನಾನು ಹೀಗೂ ಮಾತಾಡಬಲ್ಲೆ.

ಡಿಸೆಂಬರ್ ೩೦

ಉಗ್ರಾಣದ ಬಾಗಿಲು ತೆಗೆಯಲು ಇಷ್ಟು ದಿನ ನೆಪ ಹುಡುಕಿದೆ. ಇವತ್ತು ಯಜಮಾನರೇ ಗುದ್ದಲಿ ತರಲು ಹೋಗಿ ಕೂಗಿದರು, ಬಾರೇ ಇಲ್ಲಿ, ನಿನ್ನ ಒಂದು ಚೀಲಕ್ಕೆ ಮುದುಕರ ಹಾಗೆ ನರೆ ಬಂದಿದೆ.

ಪಕ್ಕದವರ ಹುಲ್ಲಿನ ಚೀಲ ಅಡಿಯಿಂದ ಮುಡಿಯವರೆಗೆ ಬೆಳ್ಳಗಿದೆ. ತೂತುಗಳಲ್ಲಿ ಗುಬ್ಬಿಯ ನಾಲಿಗೆಯಷ್ಟು ಅಣಬೆ ಇಣುಕಿದೆ. ನಮ್ಮದು ಕಟ್ಟಿದ ದಿನ ಹೇಗಿತ್ತೋ ಹಾಗೇ ಇದೆ.

ಯಜಮಾನರಿಗೆ ಎಲ್ಲ ಹೇಳಿದೆ. ಅವರು ಗುದ್ದಲಿ ಗೋಡೆಗೆ ಒರಗಿಸಿದರು. ಆಮೇಲೆ ಅವರ ಎಂದಿನ ಲೆಕ್ಕ ಶುರುವಾಯಿತು. ಹೇಳಿದರೆ ಹುಲ್ಲಿನ ದುಡ್ಡು ಹಿಂದೆ ಕೊಡಬೇಕು, ಎರಡು ಫಸಲಿನ ನಷ್ಟ ಯಾರು ತುಂಬುತ್ತಾರೆ, ಅಕ್ಕತಂಗಿಯರ ಸಂಬಂಧ ಹಾಳು, ಊರಿಗೆಲ್ಲ ಮಾತು. ಹೇಳದಿದ್ದರೆ, ಮುಂದಿನ ವರ್ಷ ಒಳ್ಳೆಯ ಹುಲ್ಲು ಕೊಟ್ಟರಾಯಿತು, ಅವಳು ಖುಷಿಯಾಗಿರುತ್ತಾಳೆ. "ಸತ್ಯ ಹೇಳಿ ಯಾರ ಹೊಟ್ಟೆ ತುಂಬುತ್ತೆ?" ಎಂದರು.

ಕೂಡಿಸಿ ಕಳೆದು ನೋಡಿದರೆ ಅವರ ಲೆಕ್ಕ ತಪ್ಪಿಲ್ಲ. ಆದರೆ ಅದರಲ್ಲಿ ಗೊಣಗಮ್ಮ ಎಲ್ಲೂ ಬರಲಿಲ್ಲ. ನಾನೂ ನೆನಪಿಸಲಿಲ್ಲ.

ಅಣಬೆ ಕೊಯ್ದು ಬೇಯಿಸಿದೆ. ಬಡಿಸಿದ್ದು ಯಜಮಾನರಿಗೆ ಮಾತ್ರ.

ಜನವರಿ ೬

ಮಾರುಕಟ್ಟೆಯಲ್ಲಿ ಅವರನ್ನು ನೋಡಿದೆ. ಗೊಣಗಮ್ಮ ಎಂದು ಬರೆಯಲು ಇವತ್ತು ಕೈ ಬರುವುದಿಲ್ಲ.

ಹಣ್ಣಿನ ಗಾಡಿಯ ಹತ್ತಿರ ಮೊಮ್ಮಗಳ ಕೈ ಹಿಡಿದು ನಿಂತಿದ್ದರು. ಕಣ್ಣು ತಪ್ಪಿಸಿ ಹೋಗಿಬಿಡಬೇಕೆಂದುಕೊಂಡೆ, ಅಷ್ಟರಲ್ಲಿ ಅವರೇ ನೋಡಿದರು. ತಂಗಿ ಹೇಗಿದ್ದಾಳೆ ಎಂದು ಕೇಳಿದರು. ಬಾಟಲಿ ತೊಳೆಯುವ ಕಡೆ ಕೆಲಸ ಸಿಕ್ಕಿದೆಯಂತೆ. ದಿನವಿಡೀ ನೀರಲ್ಲಿ ಕೈ. ಗಂಟುನೋವು ಎಂದರೆ, ಇದೆ ಎಂದರು. ಮುಲಾಮು ಎಂದರೆ, ಬಿಟ್ಟೆ ಎಂದರು. ಇಷ್ಟೇ. ಬೆಲೆಯ ಬಗ್ಗೆ ಇಲ್ಲ, ಬಿಸಿಲಿನ ಬಗ್ಗೆ ಇಲ್ಲ, ಗಾಡಿಯವನ ತಕ್ಕಡಿಯ ಬಗ್ಗೆಯೂ ಒಂದು ಗೊಣಗಿಲ್ಲ.

ಮಗು ಕಿತ್ತಳೆ ಹಿಡಿದು ಸುಲಿದುಕೊಡು ಅಜ್ಜಿ ಎಂದು ಸೆರಗು ಜಗ್ಗುತ್ತಿತ್ತು. ಮನೆಗೆ ಹೋಗೋಣ, ಅಮ್ಮ ಸುಲಿತಾಳೆ ಎಂದರು. ಮಗು ಬಿಡಲಿಲ್ಲ. ಒಂದು ಹಣ್ಣು ಸುಲಿಯಲು ಏನಾಯಿತು ನಿಮಗೆ ಎಂದು ನಾನು ಬಾಯಿ ಹಾಕಿದೆ. ಹಾಕಬಾರದಿತ್ತು.

ಅವರು ಅಂಗೈ ಬಿಡಿಸಿ ತೋರಿಸಿದರು. ಬಿಳಿಚಿಕೊಂಡು ಬಿರುಕು ಬಿಟ್ಟಿವೆ, ಅಲ್ಲಲ್ಲಿ ಕೆಂಪು. ಬಾಟಲಿಯಿಂದ ಆದದ್ದಲ್ಲ, ಬ್ಲೀಚಿಂಗ್ ಪುಡಿ ಹಾಕಿ ದಿನಾ ಮನೆಯಲ್ಲಿ ತಿಕ್ಕಿ ತೊಳೆಯುತ್ತಾರಂತೆ.

"ನನ್ನ ಕೈ ತಾಗಿದ್ದೆಲ್ಲ ಸಾಯುತ್ತಂತಲ್ಲ. ನಿಮ್ಮ ಮುಂದೇ ಹೇಳಿದ್ರಲ್ಲ. ಇದು ಮಗು. ಯಾಕೆ ಬೇಕು."

ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಪಾತ್ರೆ ಬಿಸಿ ಇದೆ, ಮುಟ್ಟಬೇಡ ಎನ್ನುವ ಹಾಗೆ ಹೇಳಿದರು.

ಕಿತ್ತಳೆ ನಾನೇ ಸುಲಿದು ಮಗುವಿಗೆ ಕೊಟ್ಟೆ. ಇಷ್ಟಕ್ಕೂ ಕೊಲ್ಲುವ ಕೈ ಯಾವುದು ನಮ್ಮಿಬ್ಬರಲ್ಲಿ? ದೇವರೇ, ನಾನು ಎಂಥವಳಾದೆ. ಡಬ್ಬಿಯಲ್ಲಿ ಉಳಿದ ಅಷ್ಟು ಔಷಧಿ ದಂಡವಾಗಬಾರದೆಂದು ನೋಡಿದೆ, ಒಬ್ಬರ ಎರಡು ಕೈಗಳನ್ನು ದಂಡ ಮಾಡಿದೆ.

ಮನೆಗೆ ಬಂದು ಯಜಮಾನರಿಗೆ ನಾಳೆ ತಂಗಿಗೆ ಹೇಳುತ್ತೇನೆ ಎಂದೆ. ಅವರು ಲೆಕ್ಕ ಎತ್ತಿದರು. ಲೆಕ್ಕ ನಿಮ್ಮ ಹತ್ತಿರವೇ ಇರಲಿ ಎಂದೆ.

ಜನವರಿ ೭

ಹೇಳಿದೆ.

ತಂಗಿ ಖಾಲಿ ಚೀಲಗಳನ್ನು ತೊಳೆದು ಹರವುತ್ತಿದ್ದಳು. ನಾನೂ ಒಂದು ತುದಿ ಹಿಡಿದುಕೊಂಡೆ. ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ. ಬೂಷ್ಟಿನ ಔಷಧಿ, ಒಂದು ಸಲವಲ್ಲ ಎರಡು ಸಲ, ನಾನು ಆಡಿದ ಸುಳ್ಳು, ಪುಕ್ಕಟೆ ಕಳಿಸಿದ ಗಾಡಿಯೂ ಅದೇ ಹುಲ್ಲು, ಉಗ್ರಾಣದ ಎರಡು ಚೀಲ. ದುಡ್ಡು ಹಿಂದೆ ಕೊಡುತ್ತೇನೆ, ನಷ್ಟವನ್ನೂ ಸ್ವಲ್ಪ ಸ್ವಲ್ಪವಾಗಿ ತುಂಬುತ್ತೇನೆ ಎಂದೆ. ಅವಳು ಕೇಳುತ್ತಾ ಚೀಲ ಹರವುತ್ತಲೇ ಇದ್ದಳು. ಬೂಷ್ಟಿನ ಔಷಧಿ ಅಣಬೆಗೆ ಒಳ್ಳೇದು ಅಂದ್ಕೊಂಡ್ಯಾ ಎಂದು ಕೇಳಿ, ನಂಬಲಾಗದೆ ಒಂದು ಕ್ಷಣ ನಕ್ಕುಬಿಟ್ಟಳು. ಕ್ಷಮಿಸಿದಳೆಂದೇ ಅಂದುಕೊಂಡೆ.

ಆಮೇಲೆ ನಗು ನಿಂತಿತು.

"ಅಕ್ಕ, ನಿಂಗೆ ಯಾವತ್ತು ಗೊತ್ತಾಯ್ತು?"

ಅಂಗಡಿಯವನು ಹೇಳಿದ ದಿನ ಎಂದೆ. ಆದರೆ ಖಚಿತ ಇರಲಿಲ್ಲ, ಚೀಲ ನೋಡಿ ಹೇಳೋಣ ಎಂದುಕೊಂಡೆ ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಬಾಗಿಲ ಪಕ್ಕದ ಕುರ್ಚಿ ನೋಡಿದಳು.

"ನಾನು ಅವರನ್ನ ಕಳಿಸಿದ ದಿನ ನೀನು ಅಲ್ಲೇ ಕೂತಿದ್ದೆ. ಚಹಾ ಕುಡೀತಾ."

ಹೌದು ಎಂದೆ.

"ಹುಲ್ಲಿಂದು ಬಿಡು, ದುಡ್ಡಿಂದೂ ಬಿಡು. ಆ ಮಾತು ನನ್ನ ಬಾಯಿಂದ ಆಡಿಸಿದ್ಯಲ್ಲ ಅಕ್ಕ."

ಆಡಿದ್ದು ಅವಳು. ಆಡಿಸಿದ್ದು ನಾನು. ಅದೇ ಸರಿ.

ಜನವರಿ ೯

ಉಳಿದ ಪೆಂಡಿಗಳನ್ನು ಬಿಡಿಸಿ ಗದ್ದೆಗೆ ಹರಡಿಸಿ ಉಳುಮೆ ಮಾಡಿಸಿದೆ. ಕಟ್ಟಿಸಲು ಒಂದು ಸಲ ಖರ್ಚು, ಬಿಚ್ಚಿಸಲು ಇನ್ನೊಂದು ಸಲ. ಟ್ರಾಕ್ಟರಿನವನು ಬೆಂಕಿ ಇಟ್ಟಿದ್ದರೆ ಅರ್ಧ ಗಂಟೆಯ ಕೆಲಸವಲ್ಲವೇ ಎಂದ. ಯಜಮಾನರು ಬದುವಿನ ಮೇಲೆ ಕೂತು ಏನೋ ಬೆರಳೆಣಿಸುತ್ತಿದ್ದರು. ಎಷ್ಟಾಯಿತು ಎಂದು ನಾನು ಕೇಳಲಿಲ್ಲ.

ತಂಗಿ ಪಕ್ಕದ ಗದ್ದೆಯವರ ಬಣವೆ ಕೊಂಡಳಂತೆ. ನನಗೆ ಅವರೇ ಹೇಳಿದರು.

ಜನವರಿ ೧೧

ಬೆಳಿಗ್ಗೆ ತಂಗಿ ಬಂದು ಹೊಸಿಲ ಆಚೆಯೇ ನಿಂತು, ಹೊರಡು, ನಾನು ಬರಬೇಡಿ ಅಂದವರ ಮನೆಗೆ ಹೋಗಿ ಬರೋಣ ಎಂದಳು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಒಂದೇ ಕೋಣೆಯ ಮನೆ, ಕಿಟಕಿಯಲ್ಲಿ ಒಣಗಿದ ಹೂಕುಂಡ. ಅಮ್ಮ ನೀರು ಹಾಕುವುದನ್ನು ಬಿಟ್ಟಿದ್ದಾರೆ ಎಂದಳು ಅವರ ಮಗಳು. ಒಲೆಯ ಮುಂದೆಯೂ ಮಗಳೇ ಇದ್ದಳು. ಅವರು ಗೋಡೆಗೊರಗಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಂಥವರು ಸುಮ್ಮನೆ ಕೂತಿರುವುದನ್ನು ನಾನು ಇದೇ ಮೊದಲು ನೋಡಿದ್ದು.

ತಂಗಿ ತಾನು ತಪ್ಪು ಮಾತಾಡಿದೆ ಎಂದು ಅತ್ತಳು. ಆಮೇಲೆ ನನ್ನ ಸರದಿ. ಹುಲ್ಲಿನಲ್ಲೇ ಔಷಧಿ ಇತ್ತು, ಹೊಡೆಸಿದ್ದು ನಾನು, ಗೊತ್ತಿದ್ದೂ ಅವತ್ತು ಸುಮ್ಮನಿದ್ದದ್ದು ನಾನು, ನಿಮ್ಮ ಕೈಯದು ಏನೂ ತಪ್ಪಿಲ್ಲ ಎಂದೆ. ಅವರು ಬೈಯಲಿ ಎಂದು ಕಾದೆ. ನಿಜ ಹೇಳಬೇಕೆಂದರೆ ಆಸೆಪಟ್ಟೆ.

"ಇನ್ನೊಂದು ಸಲ ಹೇಳಿ" ಎಂದರು. ಹೇಳಿದೆ.

ಒಲೆಯ ಕಡೆ ತಿರುಗಿ ಮಗಳನ್ನು ಕರೆದರು. "ಇವಳ ಮುಂದೆ ಹೇಳಿ."

ಮಗಳ ಮುಂದೆ ಹೇಳಿದೆ. ಮೊಮ್ಮಗಳು ಬಾಗಿಲಲ್ಲಿ ಆಡುತ್ತಿದ್ದಳು. ಅವಳನ್ನೂ ಕರೆದು ಕೂರಿಸಿದರು. ಅವಳಿಗೂ ಹೇಳಿದೆ. ಬೂಷ್ಟು, ಔಷಧಿ ಎಲ್ಲ ಮಗುವಿಗೆ ಅರ್ಥವಾಗುವಂತೆ ಹೇಳುವುದು ಹೇಗೆ? ಅಜ್ಜಿ ಕೈ ಒಳ್ಳೇದು, ಕೆಟ್ಟದ್ದು ಮಾಡಿದ್ದು ನಾನು ಎಂದೆ. ಮಗು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಅಷ್ಟು ಹೊತ್ತು ನನ್ನನ್ನು ಯಾರೂ ಹಾಗೆ ನೋಡಿಲ್ಲ.

ತಂಗಿ ಕೆಲಸಕ್ಕೆ ವಾಪಸು ಬನ್ನಿ ಎಂದಳು. ನೋಡೋಣ ಎಂದರು. ಎದ್ದು ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದರು. ಬೆರಳು ಬಗ್ಗುವುದಿಲ್ಲ, ಸಿಪ್ಪೆಯ ರಸ ಬಿರುಕಿಗೆ ತಾಗಿದಾಗೆಲ್ಲ ಹಲ್ಲು ಕಚ್ಚುತ್ತಿದ್ದರು. ಮಗಳು ನಾನು ಸುಲಿತೀನಿ ಎಂದಳು, ಕೊಡಲಿಲ್ಲ. ಮೊದಲ ತೊಳೆ ಮೊಮ್ಮಗಳ ಬಾಯಿಗೆ ತಾವೇ ಇಟ್ಟರು. ಮಗು ಅಗಿದು ನುಂಗುವವರೆಗೂ ನೋಡುತ್ತಲೇ ಇದ್ದರು. ಮತ್ತೊಂದು ಮಗಳಿಗೆ, ಒಂದು ತಂಗಿಗೆ. ಕಡೆಯದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು ನನಗೆ ಕೊಟ್ಟರು.

ಆಮೇಲೆ ಸಿಪ್ಪೆ ಬಳಿಯುತ್ತಾ ಶುರು ಮಾಡಿದರು, ಯಾರನ್ನೂ ನೋಡದೆ, ಹಳೆಯ ದನಿಯಲ್ಲಿ. "ಹುಳಿ. ಬರೀ ಹುಳಿ. ನೋಡೋಕೆ ಚೆಂದ, ಒಳಗೆ ಹೀಗೆ. ಸಿಹಿ ಅಂತ ಆಣೆ ಮಾಡಿ ಕೊಡ್ತಾರೆ. ಈಗಿನ ಕಾಲದಲ್ಲಿ ಯಾರನ್ನ ನಂಬೋದು."

ಹಣ್ಣು ಸಿಹಿಯಾಗಿತ್ತು. ನಾನು ಮಾತಾಡದೆ ತಿಂದೆ.